ಬಾರದವರೆಲ್ಲ ಬದುಕಿದ್ದಾರೆ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲನೆಯವಳು. ಅಪ್ಪ ಸೂರತ್ತಿನ ಉಡುಪಿ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುತ್ತಿದ್ದರು. ಅದೇ ಅಡುಗೆಮನೆಯ ಹಿಂದೆ ಅಕ್ಕಿಮೂಟೆಯ ಮೇಲೆ ಕೂತು ನಾನು ಸಂಖ್ಯಾಶಾಸ್ತ್ರ ಓದಿದೆ. ಹಾಗಾಗಿ ದೊಡ್ಡ ದೊಡ್ಡ ಕಾಲೇಜಿನವರು ಲೆಕ್ಕ ತಪ್ಪಿದರೆ ನನಗೆ ಕನಿಕರ ಬರುವುದಿಲ್ಲ.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಮ್ಮ ಆಫೀಸು. ಸ್ತನ ಕ್ಯಾನ್ಸರ್ ಆದವರು ಬದುಕುಳಿಯುವ ಸಾಧ್ಯತೆ ಶೇಕಡ ಎಷ್ಟೆಂದು ಹೇಳುವ ಪ್ರೋಗ್ರಾಮ್ ತಯಾರಿಸುತ್ತಿದ್ದೆವು. ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ, ಚಿಕಿತ್ಸೆಯ ಅರ್ಧದಲ್ಲೇ ಬರುವುದು ನಿಲ್ಲಿಸಿದ ಹೆಂಗಸರು ಬೇಕಾದಷ್ಟಿದ್ದರು. ನಮ್ಮ ಮುಖ್ಯಸ್ಥರು ಅವರನ್ನೆಲ್ಲ ಬದುಕಿದವರ ಸಾಲಿಗೆ ಸೇರಿಸಿದ್ದರು.

“ಸರ್, ಕೊನೆಯ ಸಲ ಬಂದ ದಿನದವರೆಗೆ ಇದ್ದರು ಅನ್ನಬಹುದು. ಆಮೇಲಿನದು ನಮಗೆ ಗೊತ್ತಿಲ್ಲ,” ಎಂದೆ.

“ಬೆನ್, ಸತ್ತರು ಅಂತ ದಾಖಲೆ ಇದೆಯಾ? ಇಲ್ಲ. ಅಂದಮೇಲೆ ಇದ್ದಾರೆ,” ಎಂದರು. ಗುಜರಾತಿನಲ್ಲಿ ಹೆಂಗಸರೆಲ್ಲರೂ ಬೆನ್, ಅಂದರೆ ಅಕ್ಕ-ತಂಗಿ.

“ಊರಂಚಿನ ನರೋಡಾದ ಹೆಂಗಸೊಬ್ಬಳು ತೀರಿಕೊಂಡರೆ ಗಂಡ ಸ್ಮಶಾನದಿಂದ ನಿಮಗೆ ಫೋನ್ ಮಾಡ್ತಾನಾ?”

“ನೀವು ಬಹಳ ನೆಗೆಟಿವ್, ಬೆನ್,” ಎಂದು ಹಪ್ಪಳದಂಥ ಖಾಖ್ರಾ ಮುರಿದು ಬಾಯಿಗಿಟ್ಟುಕೊಂಡರು.

ಸತ್ತವರನ್ನು ಇಷ್ಟು ಸಲೀಸಾಗಿ ಬದುಕಿಸುವ ಡಾಕ್ಟರು ಯಾವ ಆಸ್ಪತ್ರೆಯಲ್ಲೂ ಇರಲಿಕ್ಕಿಲ್ಲ. ಅಂಕಿಗಳು ಚೆಂದ ಬಂದವು, ಚಪ್ಪಾಳೆ ಬಿತ್ತು, ಪ್ರೋಗ್ರಾಮ್ ಸೂರತ್ತಿಗೂ ಹೋಯಿತು.

ಸೂರತ್ತಿನಲ್ಲಿ ನನ್ನ ಅಕ್ಕನಿಗೆ ಆಪರೇಷನ್ ಆಗಿ ಕೀಮೋ ನಡೆಯುತ್ತಿತ್ತು. ಭಾವನ ಹೋಟೆಲಿನ ಗಲ್ಲಾದಲ್ಲಿ ಕೂರುವವಳು ಅವಳೇ. ಒಂದು ಭಾನುವಾರ ನಾನು ಹೋದಾಗ ಮೊಬೈಲು ಮುಂದೆ ಹಿಡಿದಳು. ಆಸ್ಪತ್ರೆಯ ಕಂಪ್ಯೂಟರಿನ ಫೋಟೊ. ನಮ್ಮದೇ ಪ್ರೋಗ್ರಾಮು, ಹಸಿರು ಬಣ್ಣದಲ್ಲಿ ದೊಡ್ಡದೊಂದು ಅಂಕಿ.

“ನೋಡು ಮಾರಾಯ್ತಿ, ನಂಗೆ ಡಿಸ್ಟಿಂಕ್ಷನ್ ಬಂದಿದೆ! ಇನ್ನು ಆ ಕೀಮೋ ಎಂತಕ್ಕೆ? ವಾಂತಿ ಮಾಡಿ ಮಾಡಿ ಸಾಕಾಯ್ತು. ನಾನಿನ್ನು ಹೋಗುದಿಲ್ಲ.”

“ಮಿಷನೇ ಹೇಳಿದ ಮೇಲೆ ಮತ್ತೆಂತ,” ಎಂದರು ಭಾವ.

ಆ ಅಂಕಿ ಹುಟ್ಟಿದ್ದು ಹೇಗೆಂದು ಇಬ್ಬರಿಗೂ ಹೇಳಿದೆ. ಹೋಟೆಲಿನ ಭಾಷೆಯಲ್ಲೇ ಹೇಳಬೇಕಾಯಿತು: ಅರ್ಧ ಊಟಕ್ಕೇ ಎದ್ದುಹೋದವರನ್ನೆಲ್ಲ ಹೊಟ್ಟೆ ತುಂಬಿ ಹೋದವರೆಂದು ಬರೆದುಕೊಂಡ ಹಾಗೆ.

“ನೀನು ಹೋಗುದು ನಿಲ್ಲಿಸಿದ್ರೆ ಅವರ ಲೆಕ್ಕದಲ್ಲಿ ಬದುಕಿಯೇ ಇರ್ತಿ ಅಕ್ಕ. ಇಲ್ಲಿ ನಿಂಗೆ ಏನಾದ್ರೂ ಸರಿಯೇ, ಅಲ್ಲಿ ಬದುಕಿಯೇ ಇರ್ತಿ.”

ಅಕ್ಕ ಫೋಟೊವನ್ನು ಇನ್ನೊಮ್ಮೆ ನೋಡಿದಳು.

“ಇಷ್ಟು ಮಾಡ್ಲಿಕ್ಕೆ ಎಂ.ಎಸ್ಸಿ. ಬೇಕಾ ನಿಮಗೆಲ್ಲ?” ಎಂದಳು. ಆಮೇಲೆ ಭಾವನ ಕಡೆ ತಿರುಗಿ, “ಗುರುವಾರ ಗಲ್ಲಾಕ್ಕೆ ಬೇರೆ ಯಾರನ್ನಾದ್ರೂ ಕೂರಿಸಿ. ನಂಗೆ ಆಸ್ಪತ್ರೆ ಉಂಟು.”