ಮರಳಿನಡಿಯ ಹನ್ನೊಂದು ಜೀವ

"ಖಾಲಿ ತೊಟ್ಟಿ ಕಾಯೋಕೂ ನಮ್ಮಲ್ಲೊಬ್ಬ ಆಳು. ಅವನಿಗೊಂದು ಸಂಬಳ ಬೇರೆ ಕೇಡು."

ಮೀನುಗಳ ಸಂಗ್ರಹಾಲಯದ ಮೇಲ್ವಿಚಾರಕ ಹೀಗೆನ್ನುವಾಗ ಬೆಳಗಿನ ಆರು ಗಂಟೆ. ಟಿಕೆಟ್ ಕೊಡುವ ಹೆಂಗಸು, ಕಾವಲುಗಾರ, ನೆಲ ಒರೆಸುವ ಇಬ್ಬರು, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಆ ಮಾತಿಗೆ ಗುರಿಯಾದವರು ಮಾತ್ರ ಮೊಣಕೈವರೆಗೆ ತಣ್ಣೀರಿನಲ್ಲಿ ಕೈ ಇಳಿಸಿ ಗಾಜು ಉಜ್ಜುತ್ತಲೇ ಇದ್ದಾರೆ.

ಅವರನ್ನು ಎಲ್ಲರೂ ಕರೆಯುವುದು ಮರಳಣ್ಣ ಎಂದು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಅವರ ತೊಟ್ಟಿಯಲ್ಲಿರುವುದು ಹನ್ನೊಂದು ಚಪ್ಪಟೆ ಮೀನು. ಕಡಲ ತಳಕ್ಕೆ ಅಂಟಿಕೊಂಡು ಬದುಕುವ ಜಾತಿ. ಮೈಯೆಲ್ಲ ಮರಳೊಳಗೆ, ಹೊರಗೆ ಎರಡು ಕಣ್ಣು ಮಾತ್ರ. ಟಿಕೆಟ್ ಕೊಂಡವರು ಅರೆಗಳಿಗೆ ನಿಂತು, "ಇಲ್ಲೇನೂ ಇಲ್ಲ, ಬಾ" ಎಂದು ಹೊರಟುಬಿಡುತ್ತಾರೆ. ಇವರಿಗೆಲ್ಲ ಕಣ್ಣು ಯಾತಕ್ಕೋ. ಈ ದೂರು ಕೇಳಿಯೇ ಇವತ್ತು ಹತ್ತಕ್ಕೆ ಮೇಲಧಿಕಾರಿ ಬರುತ್ತಿದ್ದಾರೆ. ಅವರಿಗೂ ಏನೂ ಕಾಣದಿದ್ದರೆ ಈ ತೊಟ್ಟಿ ಬಣ್ಣಬಣ್ಣದ ಮೀನುಗಳ ಪಾಲು. ಈ ಹನ್ನೊಂದು ಮೀನಿಗೆ ಬೇರೆ ಜಾಗವಿಲ್ಲ.

"ಉಗುರಿನಷ್ಟಿದ್ದಾಗ ಬಂದವು," ಎನ್ನುತ್ತಾರೆ ಮರಳಣ್ಣ. "ಆಗ ಎಲ್ಲಾ ಮೀನಿನ ಹಾಗೇ, ಆ ಕಡೆ ಒಂದು ಕಣ್ಣು, ಈ ಕಡೆ ಒಂದು. ಆಮೇಲೆ ಒಂದು ಕಣ್ಣು ನೆತ್ತಿ ದಾಟ್ಕೊಂಡು ಇನ್ನೊಂದರ ಪಕ್ಕಕ್ಕೆ ಬರುತ್ತೆ. ಬಂತೋ, ಮಗ್ಗುಲಾಗಿ ಮಲಗಿಬಿಡುತ್ತೆ, ಜೀವನಪೂರ್ತಿ. ಮಗಳಿಗೆ ಹಲ್ಲು ಬಂದಾಗ್ಲೂ ನಾನು ಅಷ್ಟು ನೋಡಿರಲಿಲ್ಲ."

ದಿನಕ್ಕೆ ಹದಿನಾಲ್ಕು ಬಕೆಟ್ ಮರಳನ್ನು ಹಿಟ್ಟಿನ ಜರಡಿಯಲ್ಲಿ ಸೋಸುತ್ತಾರೆ. ಒರಟು ಕಾಳು ಉಳಿದರೆ ಮೀನಿನ ಮೈ ಕೆರೆದು ಹುಣ್ಣಾಗುತ್ತದೆ. ಅವರ ಬೆರಳ ಸಂದುಗಳೇ ಉಪ್ಪುನೀರಿಗೆ ಬಿರಿದಿವೆ, ಅದನ್ನು ಕೇಳುವವರಿಲ್ಲ.

"ಬೀದೀಲೂ ನೆಲ ನೋಡ್ಕೊಂಡೇ ನಡೀತಾರೆ. ಎದುರಿಗೆ ನಾನು ಬಂದ್ರೂ ಗೊತ್ತಾಗಲ್ಲ," ಎನ್ನುತ್ತಾರೆ ತಿಂಡಿ ತಂದ ಹೆಂಡತಿ.

"ನೀನು ಸುಮ್ನಿದ್ರೆ ತಾನೇ ಹುಡುಕಬೇಕು," ಎಂದು ನಗುತ್ತಾರೆ ಮರಳಣ್ಣ.

ಹೋದ ತಿಂಗಳು ಇವರ ರಜೆಯ ದಿನ ನೋಡಿ, ಮೀನು ಎದ್ದು ಕಾಣಲಿ ಎಂದು ಮೇಲ್ವಿಚಾರಕ ತೊಟ್ಟಿಗೆ ಕಪ್ಪು ಬಿಳಿ ಕಲ್ಲು ಸುರಿಸಿದ್ದ. ಮೂರೇ ದಿನದಲ್ಲಿ ಹನ್ನೊಂದೂ ಮೈಮೇಲೆ ಕಪ್ಪು ಬಿಳಿ ಚುಕ್ಕೆ ತಂದುಕೊಂಡು ಕಲ್ಲಿನಲ್ಲಿ ಕಲ್ಲಾದವು. ಒಂದೂ ಕಾಣದೆ, ಮೀನು ಕದ್ದರೆಂದು ಮೇಲ್ವಿಚಾರಕ ಮರಳಣ್ಣನ ಮೇಲೇ ಗೂಬೆ ಕೂರಿಸಿದ. ಕಲ್ಲನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದವರೂ ಇವರೇ.

ಹತ್ತಕ್ಕೆ ಅಧಿಕಾರಿ ಬಂದು ಗಾಜಿನ ಮುಂದೆ ನಿಲ್ಲುತ್ತಾರೆ.

"ಕೋಲು ಹಾಕಿ ಕೆದಕು, ಏಳ್ತಾವೆ," ಎನ್ನುತ್ತಾನೆ ಮೇಲ್ವಿಚಾರಕ.

ಮರಳಣ್ಣ ಕೋಲು ಮುಟ್ಟುವುದಿಲ್ಲ. "ಸ್ವಲ್ಪ ಕೂತ್ಕೊಳ್ಳಿ ಮೇಡಂ. ನಿಂತ್ರೆ ನೆರಳು ಬಿದ್ದು ಹೆದರ್ತಾವೆ."

ಅಧಿಕಾರಿ ನೆಲಕ್ಕೇ ಕೂರುತ್ತಾರೆ. ಮರಳಣ್ಣ ಒಂದು ಚಿಟಿಕೆ ಸಿಗಡಿ ಚೂರು ಉದುರಿಸುತ್ತಾರೆ. ಒಂದು ನಿಮಿಷ. ಎರಡು. ಅಂಗೈಯಗಲ ಮರಳು ಉಸಿರಾಡಿದಂತಾಗುತ್ತದೆ. ಅಂಚೆಲ್ಲ ಅಲೆಅಲೆಯಾಗಿ, ಎದ್ದು, ತೇಲುತ್ತದೆ. ಅದರ ಹಿಂದೆ ಇನ್ನೊಂದು. ಹನ್ನೊಂದೂ.

"ಇವು ಇಲ್ಲೇ ಇರಲಿ," ಎನ್ನುತ್ತಾರೆ ಅಧಿಕಾರಿ, ಕೂತಲ್ಲಿಂದ ಏಳದೆ. "ಇಲ್ಲೊಂದು ಬೆಂಚು ಹಾಕಿಸಿ."

"ನಾನೇ ಹೇಳಿಕೊಟ್ಟಿದ್ದು ಮೇಡಂ, ಎಲ್ಲಾ," ಎಂದು ಮೇಲ್ವಿಚಾರಕ ಮುಂದೆ ಬರುತ್ತಾನೆ. "ಅಲ್ವೇನಯ್ಯಾ? ಹೇಳು."

ಮರಳಣ್ಣ ಕೈ ಒರೆಸಿಕೊಂಡು, ಬಕೆಟ್ ಎತ್ತಿಕೊಂಡು, ಮರಳು ಸೋಸಲು ಹೊರಟುಹೋಗುತ್ತಾರೆ.