ಕಂಬದ ಹತ್ತಿರ ಬರುವ ಫೋನ್

೧೯೮೮ರಲ್ಲಿ, ಒಂಬತ್ತನೇ ಕ್ಲಾಸಿಗೇ ಓದು ನಿಲ್ಲಿಸಿದವನು ನಾನು. ಸೌಟು ಹಿಡಿದೇ ಅಮೆರಿಕದ ಶುಗರ್ ಲ್ಯಾಂಡ್‌ ಊರಿನವರೆಗೆ ಬಂದೆ. ಯಾರ ಮುಂದೆಯೂ ಸುಸ್ತೆಂದು ಕೂತವನಲ್ಲ. ಹಾಗಾಗಿ ಸಂಜೆ ವಾಕಿಂಗಿನಲ್ಲಿ ಬಲಗಾಲಿನ ಮೀನಖಂಡ ಹಿಂಡಿದಾಗಲೆಲ್ಲ ಫೋನ್ ಬಂದವನಂತೆ ನಿಂತು "ಹಲೋ" ಎನ್ನುತ್ತಿದ್ದೆ. ಸ್ವಲ್ಪ ನಿಂತರೆ ನೋವು ಹೋಗುತ್ತಿತ್ತು.

ಪಕ್ಕದ ಮನೆಯ ಆಂಟಿ ಹುಬ್ಬಳ್ಳಿಯವರು, ನಿವೃತ್ತ ನರ್ಸ್. ಎದುರಿನವರ ಮುಖಕ್ಕಿಂತ ಕಾಲನ್ನೇ ಹೆಚ್ಚು ನೋಡುವವರು. ಒಂದು ಸಂಜೆ ಜೊತೆಗೆ ನಡೆಯುತ್ತ ಕೇಳಿದರು:

"ಏನೋ ತಮ್ಮಾ, ದಿನಾ ಇದ ಲೈಟ್ ಕಂಬದ ಹತ್ರನ ಬರ್ತೈತಿ ನಿನ್ನ ಫೋನ್?"

"ಗಿರಾಕಿ, ಆಂಟಿ."

"ಗಿರಾಕಿ ಕಂಬ ನೋಡಿ ಫೋನ್ ಮಾಡ್ತಾನೇನು? ಬಾ ಮನಿಗೆ, ಸಾಕ್ಸ್ ತಗಿ."

ಮೆಟ್ಟಿಲ ಮೇಲೆ ಕೂರಿಸಿ, ಕಣ್ಣು ಮುಚ್ಚಿ, ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಎಡಗಾಲಲ್ಲಿ ಸಿಕ್ಕಿತು. ಬಲಗಾಲು ತಣ್ಣಗಿತ್ತು, ನಾಡಿ ಸಿಗಲಿಲ್ಲ.

"ರಕ್ತ ಇಳೀವಲ್ದು. ಹಿಂಗ ಬಿಟ್ರ ಕಾಲ ಹೋಗ್ತೈತಿ. ನಾಳೆ ಡಾಕ್ಟರ್ ಹತ್ರ ನಡಿ."

ಡಾಕ್ಟರ್ ಕೈಯಲ್ಲೂ ಕಾಲಲ್ಲೂ ಬಿಪಿ ನೋಡಿ, ಬಲಗಾಲಿನ ರಕ್ತನಾಳ ಕಿರಿದಾಗಿದೆ ಎಂದರು. ಮಾತ್ರೆ ಕೊಟ್ಟರು, ಸಿಗರೇಟು ಬಿಡಿಸಿದರು. ನೋವು ಬರುವವರೆಗೆ ನಡಿ, ನಿಲ್ಲು, ಮತ್ತೆ ನಡಿ ಎಂದರು. ನಡೆಸುವ ಕೆಲಸ ಆಂಟಿ ವಹಿಸಿಕೊಂಡರು. ನಾನು ನಿಂತಾಗಲೆಲ್ಲ "ಯಾರದಪಾ ಫೋನು?" ಎಂದು ಕೆಣಕುತ್ತಿದ್ದರು. ಹಾಗೇ ಒಂದೊಂದೇ ಕಂಬ ದಾಟಿಸಿದರು.

ಈಗ ಅವರು ಮಗಳ ಜೊತೆ ದೂರದ ಫ್ಲೂಗರ್‌ವಿಲ್‌ ಊರಿಗೆ ಶಿಫ್ಟ್ ಆಗಿದ್ದಾರೆ. ಆ ಕಂಬ ಬಂದಾಗ ನಿಲ್ಲದೆಯೇ ಅವರಿಗೆ ನಿಜವಾದ ಫೋನ್ ಮಾಡುತ್ತೇನೆ.

ನನಗೀಗ ಇರುವುದು ಒಂದು ಕೇಟರಿಂಗ್ ಅಡುಗೆಮನೆ, ಎರಡು ವ್ಯಾನು, ಎರಡು ಕಾಲು.