ಅಪ್ಪನ ಹೆಸರಿನ ಸೀಸೆ

ನಮ್ಮಪ್ಪ ಬೇಗೂರಿನಲ್ಲಿ ರಾಗಿ ಬೆಳೆಯೋನು. ಕೈಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಆದರೆ ಉತ್ತರನ ಪೌರುಷ ಒಲೆ ಮುಂದೆ ಅಂತಾರಲ್ಲ, ಸೂಜಿ ಕಂಡರೆ ಸಾಕು, ಮುಖ ಬಿಳಿಚಿಕೊಳ್ಳೋದು. ತಾಲ್ಲೂಕು ಕಚೇರಿ, ಸೊಸೈಟಿ, ನೆಂಟರ ಮನೆ ತಿಥಿ, ಬೇಜಾರಿನ ಕೆಲಸ ಯಾವುದೇ ಇರಲಿ, "ಲೇ, ನೀನ್ ಹೋಗ್ ಬಾರೋ" ಅಂತ ತಮ್ಮನನ್ನ ಅಟ್ಟೋನು. ನಮ್ಮ ಚಿಕ್ಕಪ್ಪ ಮರುಮಾತಿಲ್ಲದೆ ಹೋಗೋನು. ಅಣ್ಣನ ಭಯಕ್ಕಲ್ಲ, ದಾರೀಲಿ ಹೋಟೆಲಿನ ಮಸಾಲೆ ದೋಸೆ ಸಿಗತ್ತೆ ಅಂತ. ಮದುವೆಯಾಗದ ಮನುಷ್ಯ. ನನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋನು ಅವನೇ.

ಅರವತ್ತರ ದಶಕದ ಕೊನೇಲಿ ನಾನು ಜಯನಗರದಲ್ಲಿ ಒಬ್ಬ ಡಾಕ್ಟರ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಡಾಕ್ಟರು ಫಾರಿನ್ನಿನಲ್ಲಿ ಹೊಸ ಪರೀಕ್ಷೆಯೊಂದನ್ನ ಕಲಿತು ಬಂದಿದ್ದರು. ಅದರ ಔಷಧಿಯ ಪುಟ್ಟ ಸೀಸೇನ ತೀರ್ಥದ ಥರ ಕಾಯೋರು. ಗಾಜಿನ ತಟ್ಟೇಲಿ ಚೈನಾ ಗ್ರಾಸಿನಂಥ ಅಂಟನ್ನ ಕಾಯಿಸಿ ಹುಯ್ದು, ಗಟ್ಟಿಯಾದ ಮೇಲೆ ಎರಡು ಕುಳಿ ಕೊರೆಯೋದು. ಒಂದರಲ್ಲಿ ಆ ಔಷಧಿ, ಇನ್ನೊಂದರಲ್ಲಿ ರೋಗಿಯ ರಕ್ತದ ತಿಳಿ. ಬಸುರಿಯ ಹೊಟ್ಟೇಲಿರೋ ಮಗುವಿನ ರಕ್ತದಲ್ಲಿ ಒಂದು ವಸ್ತು ಇರತ್ತಂತೆ. ಅದು ದೊಡ್ಡವರ ರಕ್ತದಲ್ಲಿ ಇದ್ದರೆ ಎರಡು ಕುಳಿಗಳ ನಡುವೆ ಬಿಳೀ ಗೆರೆ ಮೂಡತ್ತೆ. ಗೆರೆ ಬಂದರೆ ಲಿವರ್ ಕ್ಯಾನ್ಸರಿನ ಅನುಮಾನ, ಕೆಲವರಿಗೆ ನೋವು ಶುರುವಾಗೋಕ್ಕೂ ಮುಂಚೆ.

ಆ ವರ್ಷ ಅಪ್ಪನಿಗೆ ಕಾಮಾಲೆ ಹಿಡೀತು. ಸೊಪ್ಪಿನ ಔಷಧೀನ ಮಜ್ಜಿಗೇಲಿ ಕಲಸಿ ಕುಡಿದು ಕುಡಿದು ಮಜ್ಜಿಗೆ ಮುಗೀತೇ ಹೊರತು ಕಣ್ಣಿನ ಹಳದಿ ಇಳೀಲಿಲ್ಲ. ಕಾಡಿ ಬೇಡಿ ರಕ್ತ ಕೊಡೋಕೆ ಒಪ್ಪಿಸಿದೆ. ಒಂದು ಬೆಳಿಗ್ಗೆ ಮುಂದಿನ ಕೋಣೇಲಿ ರಕ್ತ ತೆಗೆಯೋ ಕಾಂಪೌಂಡರು ಅಪ್ಪನ ಹೆಸರಿನ ಚೀಟಿ ಅಂಟಿಸಿದ ಸೀಸೆ ಒಳಗೆ ಕಳಿಸಿದರು. ಕಾಮಾಲೆಯವರ ರಕ್ತದ ತಿಳಿ ಅರಿಶಿನದ ನೀರಿನ ಹಾಗಿರತ್ತೆ. ಇದರಲ್ಲಿ ಆ ಹಳದೀನೇ ಇರಲಿಲ್ಲ. ಸೊಪ್ಪು ಕೊನೆಗೂ ಕೆಲಸ ಮಾಡ್ತು ಅಂದ್ಕೊಂಡೆ. ಪೆದ್ದಿ ನಾನು.

ಎರಡನೇ ದಿನ ನೋಡಿದರೆ ಗೆರೆ ಮೂಡಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಮನೆ ಜಗಲಿ ಮೇಲೆ ಅಪ್ಪ ಚಿಕ್ಕಪ್ಪ ಇಬ್ಬರೂ ಕಡಲೆಕಾಯಿ ಸುಲೀತಾ ಕೂತಿದ್ದರು. ನಾನು ವಿಷಯ ಹೇಳಿದ್ದಕ್ಕೆ ಅಪ್ಪ ತೊಡೆ ತಟ್ಟಿ ನಕ್ಕ. "ನಾನೆಲ್ಲಿ ಹೋಗಿದ್ದೆ? ಇವನನ್ನೇ ಕಳಿಸಿದ್ದೆ. ಒಂದೇ ಹೊಟ್ಟೇಲಿ ಹುಟ್ಟಿದೋರು, ಯಾರ ರಕ್ತ ಕೊಟ್ರೇನು ಅಂತ."

ನಗು ಅರ್ಧಕ್ಕೇ ನಿಂತಿತು. ಚಿಕ್ಕಪ್ಪ ಮಾತ್ರ ಸುಲಿಯೋದನ್ನ ನಿಲ್ಲಿಸಲಿಲ್ಲ. "ದೋಸೆ ಏನೋ ಚೆನ್ನಾಗಿತ್ತು ಕಣವ್ವ" ಅಂದ.

ಮಾರನೇ ದಿನ ಇಬ್ಬರನ್ನೂ ಲ್ಯಾಬಿಗೆ ಕರ್ಕೊಂಡು ಹೋದೆ. ಅಪ್ಪ ಯಾರೂ ಹೇಳದೇನೇ ಅಂಗಿ ತೋಳು ಮಡಿಸಿ ಕೈ ಚಾಚಿದ. "ಸೀಸೆ ಮೇಲೆ ನನ್ನ ಹೆಸರಿತ್ತು. ರೋಗಾನೂ ನಂದೇ ಇರತ್ತೆ, ನೋಡ್ತಿರು" ಅಂದ.

ಎರಡು ದಿನ ಬಿಟ್ಟು ನೋಡಿದರೆ ಚಿಕ್ಕಪ್ಪನ ತಟ್ಟೇಲಿ ಮತ್ತೆ ಗೆರೆ ಬಂದಿತ್ತು. ಅಪ್ಪನದರಲ್ಲಿ ಬರಲಿಲ್ಲ. "ಸರಿಯಾಗಿ ನೋಡೇ" ಅಂತ ಅಪ್ಪ ಗದರಿದ. ಔಷಧಿ ದಂಡ ಮಾಡ್ತೀಯ ಅಂತ ಡಾಕ್ಟರು ಬೈದರೂ ಮೂರು ಸಲ ನೋಡಿದೆ. ಮೂರು ಸಲವೂ ಅಪ್ಪನಿಗೆ ಆ ರೋಗ ಇರಲಿಲ್ಲ. ಕೊನೇ ದಿನ ಅವನು ಲ್ಯಾಬಿನ ಬೆಂಚಿನ ಮೇಲೆ ಕೂತು ನನ್ನೆದುರೇ ಅತ್ತ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಅವನ ಬೆನ್ನು ಸವರ್ತಾ ಇದ್ದ.